ಹಸಿರು ದೀಪ ಉರಿಯುತ್ತಿದೆ, ಲಾರಿ ಮಾತ್ರ ಗೇಟಿನಲ್ಲೇ

ವೆಬ್ ಸೇವೆಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರುಗಳ ಬಗ್ಗೆ ದಾವಣಗೆರೆ, ಹರಿಹರದ ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಸರ್, ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ. ಆರ್ಡರ್, ಸ್ಟಾಕ್, ಗೇಟ್ ಪಾಸ್ ಎಲ್ಲಾ ಆಫೀಸಿನ ಸರ್ವರ್‌ನಲ್ಲೇ. ಅದನ್ನು ಕಾಯಲು ಪಕ್ಕದ ಹಳೇ ಕಂಪ್ಯೂಟರಿಗೆ ಅಪ್‌ಟೈಮ್ ಕುಮಾ ಎಂಬ ಸಾಫ್ಟ್‌ವೇರ್ ಹಾಕಿದ್ದೇವೆ. ಹೋದ ತಿಂಗಳು ಶನಿವಾರ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ, ಸೋಮವಾರ ಬೆಳಿಗ್ಗೆವರೆಗೆ ಎಲ್ಲಾ ಬಂದ್. ಒಂದು ಮೆಸೇಜೂ ಬರಲಿಲ್ಲ. ಸಾಫ್ಟ್‌ವೇರ್ ಕೆಟ್ಟಿದೆಯಾ?
— ಮೆಂಟೆನೆನ್ಸ್ ಸೂಪರ್‌ವೈಸರ್, ಕರೂರು

ಉತ್ತರ: ಸಾಫ್ಟ್‌ವೇರ್ ಚೆನ್ನಾಗಿಯೇ ಇದೆ, ಕೂರಿಸಿದ ಜಾಗ ತಪ್ಪು. ಕಾವಲುಗಾರನನ್ನೂ ಗೋದಾಮಿನೊಳಗೇ ಬಿಟ್ಟು ಬೀಗ ಜಡಿದ ಹಾಗಾಗಿದೆ. ಸರ್ವರಿಗೆ ಕರೆಂಟ್ ಹೋದ ಕ್ಷಣ ಅದನ್ನು ಕಾಯುವವನಿಗೂ ಹೋಯಿತು. ಸುದ್ದಿ ಮುಟ್ಟಿಸಬೇಕಾದ ರೌಟರಿಗೂ ಹೋಯಿತು.

ನಾಚಿಕೆಪಡಬೇಡಿ, ದೊಡ್ಡವರೂ ಹೀಗೆ ಸಿಕ್ಕಿಬಿದ್ದಿದ್ದಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತವಲ್ಲ, ಆಗ ರಿಪೇರಿಗೆ ಬೇಕಾದ ಒಳಗಿನ ಉಪಕರಣಗಳೂ ಅದೇ ನೆಟ್‌ವರ್ಕನ್ನು ನಂಬಿಕೊಂಡಿದ್ದರಿಂದ ಅವೂ ಕೈಕೊಟ್ಟವು. ಅಲರ್ಟ್ ಬರೀ ವಾಟ್ಸಾಪಿಗೆ ಬರುವಂತೆ ಇಟ್ಟುಕೊಂಡಿದ್ದವರ ಪಾಡು ಆ ದಿನ ಕೇಳಬೇಡಿ. ಎಸ್ಸೆಮ್ಮೆಸ್ಸೋ ಫೋನ್ ಕರೆಯೋ ಎರಡನೇ ದಾರಿ ಒಂದಿರಲಿ.

ನಿಮ್ಮ ಸರ್ವರ್ ಆಫೀಸಿನ ಒಳಗೇ ಇದೆ, ಹೊರಗಿನಿಂದ ಬಾಗಿಲು ತಟ್ಟಲು ಬರುವುದಿಲ್ಲ. ಹಾಗಿದ್ದಾಗ ಲೆಕ್ಕ ತಿರುವುಮುರುವು ಮಾಡಿ. ಐದು ನಿಮಿಷಕ್ಕೊಮ್ಮೆ ಸರ್ವರೇ ಹೊರಗಿನ ಒಂದು ಸೇವೆಗೆ ‘ಇದ್ದೀನಿ’ ಎಂದು ಕೂಗಲಿ. ಹದಿನೈದು ನಿಮಿಷ ಆ ಕೂಗು ಬಾರದಿದ್ದರೆ ಹೊರಗಿನವನು ನಿಮ್ಮನ್ನು ಎಬ್ಬಿಸಲಿ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಗೆ ಇದೇನು ಹೊಸದಲ್ಲ: ದಿನಾ ಕೂಗುವ ಸೈರನ್ ಒಂದು ದಿನ ಕೂಗಲಿಲ್ಲ ಅಂದರೆ ಗಿರಣಿಯಲ್ಲಿ ಏನೋ ಆಗಿದೆ ಅಂತ ಮನೆಯಲ್ಲಿದ್ದವರಿಗೇ ಗೊತ್ತಾಗುತ್ತಿತ್ತು.

ಪ್ರಶ್ನೆ: ನಮ್ಮ ಮಾನಿಟರ್ ಪರದೆ ಇಡೀ ಹಸಿರು. ಆದರೆ ಡಿಸ್ಪ್ಯಾಚ್ ಹುಡುಗ ಇ-ವೇ ಬಿಲ್ ಬರ್ತಿಲ್ಲ ಅಂತ ಕೂತಿದ್ದ, ಲೋಡಾದ ಲಾರಿ ಗೇಟಿನಲ್ಲಿ ಮೂರು ತಾಸು ನಿಂತಿತ್ತು. ಇಂಥ ಹಸಿರು ದೀಪ ಯಾತಕ್ಕೆ ಬೇಕ್ರೀ?
— ಬಿಡಿಭಾಗ ತಯಾರಕರು, ಹರಿಹರ

ಉತ್ತರ: 1941ರಿಂದ ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಸಿದ ಊರು ನಿಮ್ಮದು, ಅದರಲ್ಲೇ ಹೇಳುತ್ತೇನೆ. ಮೋಟರ್ ಗುಂಯ್ ಅಂದ ಮಾತ್ರಕ್ಕೆ ಚಕ್ ತಿರುಗುತ್ತಿದೆ ಅಂತಲ್ಲ, ಬೆಲ್ಟ್ ಕಳಚಿರಬಹುದು. ನಿಮ್ಮ ಮಾನಿಟರ್ ಮೋಟರಿನ ಸದ್ದನ್ನಷ್ಟೇ ಕೇಳುತ್ತಿದೆ.

ಪುಟ ಕೇಳಿದಾಗ ಸರ್ವರ್ 200 ಎಂಬ ಸಂಖ್ಯೆ ಕೊಟ್ಟರೆ ‘ಸರಿ’, 500 ಅಥವಾ 503 ಕೊಟ್ಟರೆ ‘ಎಡವಟ್ಟು’. ತೊಂದರೆ ಏನೆಂದರೆ ಎಷ್ಟೋ ತಂತ್ರಾಂಶಗಳು ‘ಡೇಟಾಬೇಸ್ ಸಿಗುತ್ತಿಲ್ಲ’ ಎಂಬ ಪುಟವನ್ನೂ 200 ಹಚ್ಚಿಯೇ ಕಳಿಸುತ್ತವೆ. ಆದ್ದರಿಂದ ಡೇಟಾಬೇಸಿನಿಂದ ಬಂದರಷ್ಟೇ ಕಾಣುವ ಒಂದು ಪದವನ್ನು ಪುಟದಲ್ಲಿ ಹುಡುಕುವಂತೆ ಮಾನಿಟರಿಗೆ ಹೇಳಿ. ಇನ್ನೂ ಒಳ್ಳೆಯದು, ಪರೀಕ್ಷೆಗೆಂದೇ ಒಂದು ಪುಟ ಬರೆಸಿ. ಅದು ಡೇಟಾಬೇಸಿನಿಂದ ಒಂದು ಸಾಲು ಓದಿ, ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ, ಎಲ್ಲಾ ಸರಿಯಿದ್ದರೆ 200, ಇಲ್ಲದಿದ್ದರೆ 503 ಕೊಡಲಿ. ಇಡೀ ತಿಂಗಳ ವರದಿಯನ್ನೇ ನಿಮಿಷಕ್ಕೊಮ್ಮೆ ತೆಗೆಸುವಂತೆ ಮಾತ್ರ ಬರೆಸಬೇಡಿ, ಆಮೇಲೆ ಕಾವಲುಗಾರನ ಕಾಟಕ್ಕೇ ಸರ್ವರ್ ಮಲಗುತ್ತದೆ. ಲಾಗಿನ್ ಪರೀಕ್ಷೆ ಬೇಕಿದ್ದರೆ ಓದುವ ಹಕ್ಕಷ್ಟೇ ಇರುವ ಪ್ರತ್ಯೇಕ ಖಾತೆ ಮಾಡಿ, ಮ್ಯಾನೇಜರರ ಪಾಸ್‌ವರ್ಡ್ ಹಾಕಬೇಡಿ.

ಇನ್ನು ಇ-ವೇ ಬಿಲ್. ರಾಜ್ಯದೊಳಗಿನ ಸಾಗಣೆಗೆ ಅದನ್ನು ಮೊದಲು ಜಾರಿಗೆ ತಂದದ್ದೇ ಕರ್ನಾಟಕ, 2018ರ ಏಪ್ರಿಲ್ 1ರಿಂದ. ಸರಕು 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಬಿಲ್ ಇಲ್ಲದೆ ಲಾರಿ ಕದಲುವಂತಿಲ್ಲ. ಬಿಲ್ ಕೊಡುವ ಸರ್ಕಾರಿ ಪೋರ್ಟಲ್ ನಿಮ್ಮ ಕೈಯಲ್ಲಿಲ್ಲ, ನಿಮ್ಮ ಸಾಫ್ಟ್‌ವೇರ್ ಅದರ ಕೈಯಲ್ಲಿದೆ. ಅದಕ್ಕೊಂದು ಬೇರೆಯೇ ದೀಪ ಇಡಿ: ಕೊನೆಯ ಬಿಲ್ ಯಾವಾಗ ಸಿಕ್ಕಿತು, ಎಷ್ಟು ವಿನಂತಿ ವಾಪಸ್ ಬಂದವು ಎಂಬುದನ್ನು ನಿಮ್ಮ ಸಾಫ್ಟ್‌ವೇರಿನ ದಾಖಲೆಯಿಂದಲೇ ತೋರಿಸಿದರೆ ಸಾಕು. ಆ ಮೂರು ತಾಸಿನಲ್ಲಿ ಎಷ್ಟು ಹೊತ್ತು ನಿಮ್ಮ ಹುಡುಗರು ತಮ್ಮದಲ್ಲದ ದೋಷ ಹುಡುಕಿದರೋ!

ಪ್ರಶ್ನೆ: ಒಂದು ಬೆಳಿಗ್ಗೆ ಗಿರಾಕಿಗಳಿಗೆಲ್ಲಾ ನಮ್ಮ ಸೈಟು ‘ಸುರಕ್ಷಿತವಲ್ಲ’ ಅಂತ ತೋರಿಸಿತು. ಸರ್ಟಿಫಿಕೇಟ್ ತಾನಾಗೇ ನವೀಕರಣ ಆಗುತ್ತೆ ಅಂದಿದ್ದರು, ಆಗಿಯೂ ಇತ್ತು!
— ಬಟ್ಟೆ ಸಗಟು ವ್ಯಾಪಾರಿ, ದಾವಣಗೆರೆ

ಉತ್ತರ: ಆಗಿತ್ತು, ಆದರೆ ಡಿಸ್ಕಿನಲ್ಲಿ. ಹೊಸ ಫೈಲ್ ಬಂದ ಮೇಲೆ ವೆಬ್ ಸರ್ವರ್ ಅದನ್ನು ಮತ್ತೆ ಓದಿಕೊಳ್ಳಬೇಕು. ಓದಿಕೊಂಡಿಲ್ಲ, ಹಳೆಯದನ್ನೇ ತೋರಿಸುತ್ತಿದೆ. ಹಾಗಾಗಿ ಫೈಲಿನ ದಿನಾಂಕ ನೋಡಿ ನಿಶ್ಚಿಂತರಾಗಬೇಡಿ, ಗಿರಾಕಿಗೆ ಕಾಣುವ ಸರ್ಟಿಫಿಕೇಟನ್ನೇ ಹೊರಗಿನಿಂದ ಪರೀಕ್ಷಿಸುವ ಮಾನಿಟರ್ ಇರಲಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟಿನ ಬಾಳಿಕೆ ಸಾಮಾನ್ಯವಾಗಿ 90 ದಿನ, ನವೀಕರಣ ಬಹುತೇಕ ಕಡೆ 30 ದಿನ ಉಳಿದಾಗ. ಅಂದರೆ 20 ದಿನ ಉಳಿದಾಗಲೂ ಹಳೆಯದೇ ಕಾಣುತ್ತಿದ್ದರೆ ಎಲ್ಲೋ ಎಡವಿದೆ ಎಂದೇ ಅರ್ಥ, ಅಲರ್ಟನ್ನು ಅಲ್ಲಿಗೇ ಇಡಿ. ಅವಧಿ ಮುಗಿಯುವ ಮುನ್ನ ಆ ಸಂಸ್ಥೆ ಕಳಿಸುತ್ತಿದ್ದ ಇಮೇಲೂ 2025ರ ಜೂನ್ 4ಕ್ಕೆ ನಿಂತಿದೆ. ದುಡ್ಡು ಕೊಟ್ಟು ಕೊಂಡರೂ ಪಾರಿಲ್ಲ: ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರಲ್ಲಿ 47.

ಪ್ರಶ್ನೆ: 99.9 ಶೇಕಡಾ ಗ್ಯಾರಂಟಿ ಅಂತ ಸಾಫ್ಟ್‌ವೇರಿನವರು ಬರೆದುಕೊಟ್ಟಿದ್ದಾರೆ. ನಂಬಬಹುದಾ?
— ಲೆಕ್ಕಪತ್ರ ವಿಭಾಗ, ಕರೂರು

ಉತ್ತರ: 30 ದಿನಕ್ಕೆ 43 ನಿಮಿಷ ನಿಲ್ಲಬಹುದು ಅಂತ ಅದರ ಅರ್ಥ. ಬರೀ 99 ಅಂದಿದ್ದರೆ 7 ತಾಸು 12 ನಿಮಿಷ. ಮುಂಚೆ ಹೇಳಿ ಮಾಡುವ ರಿಪೇರಿ ಈ ಲೆಕ್ಕಕ್ಕೆ ಸೇರುತ್ತದಾ ಎಂದು ಕೇಳಿ. ಅಳೆಯುವವರು ಅವರೇ ಆದರೆ ನಿಮ್ಮದೂ ಒಂದು ಮಾನಿಟರ್ ಇರಲಿ. ಐದು ನಿಮಿಷಕ್ಕೊಮ್ಮೆ ನೋಡಿದರೆ ನಾಲ್ಕು ನಿಮಿಷದ ನಿಲುಗಡೆ ಕಣ್ಣಿಗೇ ಬೀಳದಿರಬಹುದು, ನೆನಪಿರಲಿ.

ಪ್ರಶ್ನೆ: ಸರ್, ದಿನಾ ರಾತ್ರಿ ಎರಡಕ್ಕೆ ‘ಡೌನ್’, ಎರಡೂ ಇಪ್ಪತ್ತಕ್ಕೆ ‘ಅಪ್’. ಫೋನನ್ನು ಬಚ್ಚಲ ಒಲೆಗೆ ಹಾಕ್ತೀನಿ ಅಂತಾಳೆ ಮನೆಯಾಕೆ. ನಾನು ಸೈಲೆಂಟ್‌ಗೆ ಇಟ್ಟುಬಿಟ್ಟಿದ್ದೇನೆ.
— ಎಲೆಕ್ಟ್ರೀಷಿಯನ್, ಹರಿಹರ

ಉತ್ತರ: ದಿನಾ ಎರಡಕ್ಕೇ ಬರುವುದು ಕಾಯಿಲೆಯಲ್ಲ, ದಿನಚರಿ. ಆ ಹೊತ್ತಿಗೆ ಬ್ಯಾಕಪ್ ಓಡುತ್ತಿರಬೇಕು, ಅದು ಮುಗಿಯುವವರೆಗೆ ಸರ್ವರ್ ಉತ್ತರಿಸಲು ತಡಮಾಡುತ್ತಿದೆ. ಸಾಫ್ಟ್‌ವೇರ್ ನೋಡಿಕೊಳ್ಳುವವರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಎರಡರಿಂದ ಎರಡೂವರೆಯನ್ನು ಮಾನಿಟರಿನಲ್ಲಿ ‘ಮೆಂಟೆನೆನ್ಸ್ ಸಮಯ’ ಎಂದು ಗುರುತು ಮಾಡಿಸಿ. ಸತತ ಮೂರು ಸಲ ಉತ್ತರ ಬಾರದಿದ್ದರಷ್ಟೇ ಫೋನ್ ಬಡಿದುಕೊಳ್ಳಲಿ. ಸರ್ಟಿಫಿಕೇಟ್, ಡಿಸ್ಕ್ ಜಾಗದಂಥ ಸುದ್ದಿ ಬೆಳಿಗ್ಗೆ ಇಮೇಲಿಗೆ ಬಂದರೆ ಸಾಕು. ಇನ್ನೊಂದು ಮಾತು, ಎಲೆಕ್ಟ್ರೀಷಿಯನ್ ಆದ ನಿಮಗೆ ಆ ಅಲರ್ಟ್ ಬರುವುದೇಕೆ? ಕರೆಂಟ್, ಯುಪಿಎಸ್ ವಿಷಯ ನಿಮಗೆ ಬರಲಿ. ಉಳಿದದ್ದಕ್ಕೆ ಆ ವಾರ ಯಾರು ಎದ್ದು ಕೂರಬೇಕೋ ಅವರ ನಂಬರ್ ಹಾಕಿಸಿ, ನೋಟಿಸ್ ಬೋರ್ಡಿನ ಪಾಳಿ ಪಟ್ಟಿಯಲ್ಲೂ ಅದನ್ನು ಬರೆಸಿ. ಸೈಲೆಂಟ್ ಇವತ್ತೇ ತೆಗೆಯಿರಿ.