ಮೊಡವೆಯೂ ಅದರ ಲೇಪನೌಷಧಿಗಳೂ

ಶಾಲೆಯ ಕೊನೆಯ ವರ್ಷದ ಮಕ್ಕಳು ಬೀಳ್ಕೊಡುಗೆಯ ದಿನ ಅಧ್ಯಾಪಕರೊಡನೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಕೆಲವು ವರ್ಷಗಳ ಹಿಂದೆ ಹೀಗೆ ಸಾಲು ನಿಲ್ಲಿಸುತ್ತಿದ್ದಾಗ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಕಾಣಿಸಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಿಂದ ಬರುತ್ತಿದ್ದ, ಓದಿನಲ್ಲಿ ಮುಂದಿದ್ದ ಹುಡುಗಿ. ಹುಡುಕಿದಾಗ ಪ್ರಯೋಗಶಾಲೆಯ ಹಿಂದೆ ಸೆರಗಿನಂತೆ ದುಪಟ್ಟಾ ಹೊದ್ದು ಕುಳಿತಿದ್ದಳು. "ನನ್ನನ್ನು ಬಿಟ್ಟು ತೆಗೆಸಿಬಿಡಿ ಸಾರ್" ಎಂದಳು. ಮುಖವೆಲ್ಲ ಕೆಂಪೇರಿ, ಕೆನ್ನೆಯ ತುಂಬ ಕೀವುಗುಳ್ಳೆಗಳೆದ್ದಿದ್ದವು.

ಆರು ತಿಂಗಳ ಹಿಂದೆ ಅದೇ ಹುಡುಗಿ ಪಾಠ ಮುಗಿದ ಮೇಲೆ ಮೊಡವೆಗೆ ಮದ್ದುಂಟೇ ಎಂದು ನನ್ನನ್ನು ಕೇಳಿದ್ದಳು. "ವಯಸ್ಸಿನ ಮೊಡವೆಯಮ್ಮ, ತಾನಾಗಿ ಹೋಗುತ್ತದೆ" ಎಂದು ನಕ್ಕು ಕಳುಹಿಸಿದವನು ನಾನೇ. ವಿಜ್ಞಾನದ ಮೇಷ್ಟರಿಂದ ಉತ್ತರ ದೊರೆಯದ ಮಗು ನೆರೆಮನೆಯವರ ಮಾತು ಕೇಳಿ ಅಂಗಡಿಯಿಂದ ಒಂದು ಟ್ಯೂಬು ತರಿಸಿಕೊಂಡಿತು. ಅದರಿಂದ ಆದ ಹಾನಿಯನ್ನು ಮುಂದೆ ಹೇಳುತ್ತೇನೆ. ಅಂದು ನಾನು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಬರೆದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊಡವೆ ಹುಟ್ಟುವ ಬಗೆ

ನಮ್ಮ ಚರ್ಮದಲ್ಲಿ ಪ್ರತಿಯೊಂದು ಕೂದಲಿನ ಬುಡಕ್ಕೂ ಅಂಟಿಕೊಂಡಂತೆ ಒಂದು ತೈಲಗ್ರಂಥಿ ಇದೆ. ಅದು ಸ್ರವಿಸುವ ಜಿಡ್ಡು ಕೂದಲಿನ ಕಿರುನಾಳದ ಮೂಲಕ ಹೊರಬಂದು ಚರ್ಮವನ್ನು ಮೃದುವಾಗಿಡುತ್ತದೆ. ಮುಖ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ಈ ಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲಿಯೂ ಹೆಚ್ಚು. ಹರೆಯ ಬಂದಾಗ ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಏರುತ್ತವೆ. ಗ್ರಂಥಿಗಳು ಹಿಗ್ಗಿ ಜಿಡ್ಡನ್ನು ಹೆಚ್ಚಾಗಿ ಸುರಿಸುತ್ತವೆ. ಅದೇ ಕಾಲಕ್ಕೆ ನಾಳದ ಒಳಗೋಡೆಯಿಂದ ಉದುರುವ ಸತ್ತ ಕೋಶಗಳು ಹೊರಹೋಗದೆ ಜಿಡ್ಡಿನೊಡನೆ ಕಲೆತು ಬಿರಡೆಯಂತೆ ಬಾಯಿ ಕಟ್ಟುತ್ತವೆ. ಇದೇ ಮೊಡವೆಯ ಮೊದಲ ಹಂತ. ಬಾಯಿ ತೆರೆದಿದ್ದರೆ ಬಿರಡೆಯ ತಲೆ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಕೊಳೆಯಲ್ಲ. ಗಾಳಿ ತಾಕಿದ ಜಿಡ್ಡಿನ ಮತ್ತು ಚರ್ಮದ ವರ್ಣದ್ರವ್ಯದ ಬಣ್ಣ. ಆದುದರಿಂದ ತಿಕ್ಕಿ ತೊಳೆದರೆ ಅದು ಹೋಗುವುದಿಲ್ಲ. ಚರ್ಮ ಮಾತ್ರ ತರಚುತ್ತದೆ.

ಗಾಳಿಯಾಡದ ಜಿಡ್ಡಿನ ಈ ನಾಳದೊಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಜೀವಿ ಸುಖವಾಗಿ ಬೆಳೆಯುತ್ತದೆ. 2016ರವರೆಗೆ ಇದರ ಹೆಸರು ಪ್ರೊಪಿಯಾನಿಬ್ಯಾಕ್ಟೀರಿಯಂ ಆಕ್ನೆಸ್ ಎಂದಿತ್ತು. ಇದು ಹೊರಗಿನಿಂದ ಅಂಟಿದ ಶತ್ರುವಲ್ಲ. ಆರೋಗ್ಯವಂತರ ಚರ್ಮದಲ್ಲಿಯೂ ನೆಲೆಸಿರುವ ಜೀವಿ. ಮುಚ್ಚಿದ ನಾಳದಲ್ಲಿ ಇದು ಮಿತಿಮೀರಿದಾಗ ದೇಹದ ರಕ್ಷಣಾಶಕ್ತಿ ಕೆರಳಿ, ಊತ, ಕೆಂಪು, ಕೀವು ತೋರುತ್ತವೆ. ಆದ್ದರಿಂದ ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಶುಚಿಯಿಲ್ಲದವರ ರೋಗವೂ ಅಲ್ಲ. ಈ ಒಂದು ಮಾತನ್ನು ತರಗತಿಯಲ್ಲಿ ಹೇಳಿದರೆ ಎಷ್ಟೋ ಮಕ್ಕಳ ನಾಚಿಕೆ ಹರಿಯುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್

ಮೊಡವೆಗೆ ಹಚ್ಚುವ ಮದ್ದುಗಳಲ್ಲಿ ಮುಖ್ಯವಾದುದು ಬೆಂಜಾಯಿಲ್ ಪೆರಾಕ್ಸೈಡ್. ಹಿಟ್ಟಿನ ಗಿರಣಿಗಳಲ್ಲಿ ಮೈದಾವನ್ನು ಬೆಳ್ಳಗಾಗಿಸಲು ಬಳಕೆಯಾದ ರಾಸಾಯನಿಕವೂ ಇದೇ. 1965ರಲ್ಲಿ ಕೆನಡಾದ ವೈದ್ಯ ಪೇಸ್ ಎಂಬುವರು ಇದನ್ನು ಗಂಧಕದೊಡನೆ ಬೆರೆಸಿ ಮೊಡವೆಗೆ ಬಳಸಿದ ಅನುಭವವನ್ನು ಪ್ರಕಟಿಸಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿದೆ.

ಇದರ ಕೆಲಸ ಸರಳ. ಚರ್ಮದೊಳಕ್ಕೆ ಇಳಿದಾಗ ಇದು ಒಡೆದು ಬೆಂಜೋಯಿಕ್ ಆಮ್ಲವಾಗುತ್ತದೆ. ಒಡೆಯುವಾಗ ಚುರುಕಾದ ಆಮ್ಲಜನಕದ ಕಣಗಳನ್ನು ಬಿಡುಗಡೆ ಮಾಡುತ್ತದೆ. ಗಾಳಿಯಿಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗೆ ಆಮ್ಲಜನಕವೇ ವಿಷ. ಜೊತೆಗೆ ನಾಳದ ಬಿರಡೆಯನ್ನೂ ಇದು ಸ್ವಲ್ಪಮಟ್ಟಿಗೆ ಸಡಿಲಿಸುತ್ತದೆ. ಜೀವಿಯ ಯಾವುದೋ ಒಂದು ಅಂಗವನ್ನು ಮಾತ್ರ ಗುರಿಯಾಗಿಸದೆ ಎಲ್ಲ ಕಡೆಯೂ ಸುಡುವುದರಿಂದ, ಇದನ್ನು ಎದುರಿಸಿ ಬದುಕುವ ತಳಿ ಇಷ್ಟು ವರ್ಷಗಳಲ್ಲಿಯೂ ತಲೆಯೆತ್ತಿಲ್ಲ.

ಶೇಕಡಾ 2.5, 5 ಮತ್ತು 10ರ ಬಲದಲ್ಲಿ ಇದು ದೊರೆಯುತ್ತದೆ. ಹೆಚ್ಚು ಬಲದ್ದು ಹೆಚ್ಚು ಗುಣಕಾರಿ ಎಂದು ತಿಳಿಯುವುದು ಸಹಜ. ಆದರೆ 1986ರಲ್ಲಿ ಪ್ರಕಟವಾದ ಒಂದು ತುಲನೆಯಲ್ಲಿ ಕೆಂಪು ಗುಳ್ಳೆ, ಕೀವುಗುಳ್ಳೆಗಳನ್ನು ತಗ್ಗಿಸುವುದರಲ್ಲಿ ಶೇಕಡಾ 2.5ರದು ಉಳಿದೆರಡಕ್ಕೆ ಸರಿಸಮವಾಗಿಯೇ ಇತ್ತು; ಉರಿ ಮತ್ತು ಸಿಪ್ಪೆಯೇಳುವಿಕೆ ಶೇಕಡಾ 10ರದಕ್ಕಿಂತ ಕಡಿಮೆಯಾಗಿದ್ದವು. ಕಡಿಮೆ ಬಲದಿಂದ ಆರಂಭಿಸುವುದೇ ವಿವೇಕ.

ಪ್ರತಿಜೀವಕ ಲೇಪನಗಳು

ಎರಡನೆಯ ಗುಂಪು ಆ್ಯಂಟಿಬಯಾಟಿಕ್ ಎಂದು ಎಲ್ಲರೂ ಕರೆಯುವ ಪ್ರತಿಜೀವಕಗಳದು. ಮೊಡವೆಗೆ ಹಚ್ಚಲು ಮುಖ್ಯವಾಗಿ ಬಳಕೆಯಾಗುವವು ಶೇಕಡಾ 1ರ ಕ್ಲಿಂಡಾಮೈಸಿನ್ ಮತ್ತು ಎರಿತ್ರೋಮೈಸಿನ್. ಇವು ಸೂಕ್ಷ್ಮಜೀವಿಯೊಳಗೆ ಪ್ರೋಟೀನು ತಯಾರಾಗುವ ಯಂತ್ರವನ್ನು ಹಿಡಿದು ನಿಲ್ಲಿಸುತ್ತವೆ, ಊತವನ್ನೂ ತಗ್ಗಿಸುತ್ತವೆ. ಉರಿ ಕಡಿಮೆ, ಬಟ್ಟೆಯ ಬಣ್ಣ ಹೋಗುವುದಿಲ್ಲ, ಹಚ್ಚಲು ಹಿತ. ಆದ್ದರಿಂದಲೇ ಜನ ಇದನ್ನೇ ಇಷ್ಟಪಡುತ್ತಾರೆ. ತೊಂದರೆ ಇರುವುದೂ ಇಲ್ಲಿಯೇ.

ನಮ್ಮ ರೈತರು ರಾಗಿಯ ಕಣದಲ್ಲಿ ಗಟ್ಟಿ ತೆನೆಗಳನ್ನು ಆರಿಸಿ ಬಿತ್ತನೆಗೆ ಎತ್ತಿಡುತ್ತಾರೆ. ಮುಂದಿನ ಬೆಳೆ ಆ ಗಟ್ಟಿತನವನ್ನೇ ಪಡೆಯುತ್ತದೆ. ಪ್ರತಿಜೀವಕವೊಂದನ್ನೇ ತಿಂಗಳುಗಟ್ಟಲೆ ಹಚ್ಚುವವನು ತಿಳಿಯದೆ ಇದೇ ಕೆಲಸವನ್ನು ತನ್ನ ಮುಖದ ಮೇಲೆ ಮಾಡುತ್ತಾನೆ. ಮದ್ದಿಗೆ ಬಗ್ಗುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಬಗ್ಗದ ಕೆಲವು ಉಳಿದು ಬಿತ್ತನೆಯಾಗುತ್ತವೆ. ಕೆಲವು ತಿಂಗಳಲ್ಲಿ ಹೊಲವೆಲ್ಲ ಅವುಗಳದೇ.

ಇದು ಊಹೆಯ ಮಾತಲ್ಲ. ಈ ಮದ್ದುಗಳಿಗೆ ಮಣಿಯದ ಮೊಡವೆಯ ತಳಿಗಳು ಅಮೆರಿಕದಲ್ಲಿ ಕಂಡುಬಂದ ವರದಿ 1979ರಲ್ಲೇ ಪ್ರಕಟವಾಯಿತು. 2002ರಲ್ಲಿ ಕನ್ಲಿಫ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ 16 ವಾರಗಳ ಅಧ್ಯಯನದಲ್ಲಿ, ಕ್ಲಿಂಡಾಮೈಸಿನ್ ಒಂದನ್ನೇ ಹಚ್ಚಿದವರ ಚರ್ಮದಲ್ಲಿ ಮಣಿಯದ ತಳಿಗಳು ಹಲವು ಪಟ್ಟು ಹೆಚ್ಚಿದವು. ಅದರೊಡನೆ ಬೆಂಜಾಯಿಲ್ ಪೆರಾಕ್ಸೈಡ್ ಬೆರೆಸಿ ಹಚ್ಚಿದವರಲ್ಲಿ ಹಾಗಾಗಲಿಲ್ಲ. ಎರಿತ್ರೋಮೈಸಿನ್‌ಗೆ ಮಣಿಯದ ತಳಿ ಅನೇಕ ವೇಳೆ ಕ್ಲಿಂಡಾಮೈಸಿನ್‌ಗೂ ಮಣಿಯುವುದಿಲ್ಲ. ಚರ್ಮದ ಮೇಲಿರುವ ಇತರ ಸೂಕ್ಷ್ಮಜೀವಿಗಳೂ ಇದೇ ಪಾಠ ಕಲಿಯುತ್ತವೆ. ಅವುಗಳಲ್ಲಿ ಕೆಲವು ಗಾಯವನ್ನೂ ರಕ್ತವನ್ನೂ ಕೆಡಿಸಬಲ್ಲ ಜಾತಿಯವು. ಮುಖದ ಕಾಂತಿಗಾಗಿ ಮಾಡಿದ ಅಜಾಗರೂಕತೆಯ ಬೆಲೆಯನ್ನು ಮನೆಯ ಹಸುಗೂಸೋ ಶಸ್ತ್ರಚಿಕಿತ್ಸೆಗೊಳಗಾದ ಅಜ್ಜನೋ ತೆರಬೇಕಾಗಬಹುದು.

ಪೆನಿಸಿಲಿನ್ನಿನ ಜನಕ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲಿಯೇ ಅರೆಬರೆ ಬಳಕೆಯ ಅಪಾಯವನ್ನು ಎಚ್ಚರಿಸಿದ್ದರು. ನೆಲಮಂಗಲದಿಂದ ಬೆಂಗಳೂರಿಗೆ ಹೋಗುವ ಹಾದಿಯ ಪೀಣ್ಯದಲ್ಲಿ, 1981ರಲ್ಲಿ ಸ್ಥಾಪಿತವಾದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯ ಕಾರ್ಖಾನೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಇಂತಹ ಔಷಧಿಗಳನ್ನು ತಯಾರಿಸಲು ನಾಡು ಎಷ್ಟು ಶ್ರಮಿಸಿದೆಯೋ ಅವುಗಳ ಶಕ್ತಿಯನ್ನು ಉಳಿಸಿಕೊಳ್ಳಲೂ ಅಷ್ಟೇ ಶ್ರಮಿಸಬೇಕು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಗಳ ಪಟ್ಟಿಯ ಮೇಲೆ ಕೆಂಪುಗೆರೆ ಇರುವುದನ್ನು ಗಮನಿಸಿರೆಂದು 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಆರಂಭಿಸಿದ್ದು ಇದಕ್ಕಾಗಿಯೇ.

ಎರಡನ್ನೂ ಜೊತೆಗೂಡಿಸುವುದು

ಇದರಿಂದ ಒಂದು ನಿಯಮ ತಾನಾಗಿ ಹೊರಡುತ್ತದೆ: ಪ್ರತಿಜೀವಕ ಲೇಪನವನ್ನು ಒಂಟಿಯಾಗಿ ಬಳಸಬಾರದು, ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗಿರಬೇಕು, ಊತ ಇಳಿದ ಮೇಲೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಪ್ರತಿಜೀವಕವನ್ನು ನಿಲ್ಲಿಸಬೇಕು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿಯೂ ಪ್ರತಿಜೀವಕ ಲೇಪನ ಒಂದನ್ನೇ ಬಳಸಬಾರದೆಂಬ ಅಭಿಪ್ರಾಯವಿದೆ. ಬಿರಡೆಯನ್ನು ಬಿಡಿಸಲು ಅಡಾಪಲೀನ್‌ನಂತಹ ರೆಟಿನಾಯ್ಡ್ ಲೇಪನವನ್ನು ವೈದ್ಯರು ಸೇರಿಸುವುದುಂಟು. ಗರ್ಭಿಣಿಯರು ಇದನ್ನು ಬಳಸತಕ್ಕದ್ದಲ್ಲ. ಹಿಂದೆ ಕರುಳಿನ ಉರಿಯೂತವಾಗಿದ್ದವರು ಕ್ಲಿಂಡಾಮೈಸಿನ್ ಹಚ್ಚುವ ಮೊದಲು ಅದನ್ನು ವೈದ್ಯರಿಗೆ ತಿಳಿಸಬೇಕು.

ಹಚ್ಚುವ ಕ್ರಮ

ಮದ್ದು ಸರಿಯಾಗಿದ್ದರೂ ಹಚ್ಚುವ ಕ್ರಮ ತಪ್ಪಿದರೆ ಮಕ್ಕಳು ವಾರದೊಳಗೆ ಕೈಬಿಡುತ್ತಾರೆ. ಮೊದಲು ದವಡೆಯ ಬಳಿ ಚಿಕ್ಕ ಜಾಗದಲ್ಲಿ ಮೂರು ದಿನ ಹಚ್ಚಿ ನೋಡಬೇಕು. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ, ಕೂಡಲೇ ತೊಳೆದು ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಆದರೆ ತಿಳಿದಿರಬೇಕು. ಸರಿಹೊಂದಿದರೆ ರಾತ್ರಿ ಮೃದುವಾದ ಸಾಬೂನಿನಿಂದ ಮುಖ ತೊಳೆದು, ಒತ್ತಿ ಒರೆಸಿ, ತೇವ ಆರಿದ ಮೇಲೆ ಬಟಾಣಿ ಕಾಳಿನಷ್ಟು ಮದ್ದನ್ನು ತೆಳ್ಳಗೆ ಸವರಬೇಕು. ಎದ್ದ ಗುಳ್ಳೆಗೆ ಮಾತ್ರ ಚುಕ್ಕೆಯಿಡುವುದಲ್ಲ. ಮೊಡವೆ ಏಳುವ ಭಾಗಕ್ಕೆಲ್ಲ ಹಚ್ಚಬೇಕು. ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಿಡಬೇಕು. ಮೊದಲೆರಡು ವಾರ ದಿನ ಬಿಟ್ಟು ದಿನ ಹಚ್ಚಿದರೆ ಚರ್ಮ ಒಗ್ಗಿಕೊಳ್ಳುತ್ತದೆ. ಒಣಗಿ ಬಿಗಿದರೆ ಜಿಡ್ಡಿಲ್ಲದ ತೇವಲೇಪವನ್ನು ಬಳಸಬಹುದು. ಬೆಳಗಿನ ಸ್ನಾನದಲ್ಲಿ ತೊಳೆದುಹೋಗುವುದರಿಂದ ವಿಭೂತಿಧಾರಣೆಗೂ ಪಾಠಕ್ಕೂ ಅಡ್ಡಿಯಿಲ್ಲ.

ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣವನ್ನು ತಿನ್ನುತ್ತದೆ. ಬಿಳಿಯ ದಿಂಬಿನ ಚೀಲ, ಬಿಳಿಯ ವಸ್ತ್ರ ಇಟ್ಟುಕೊಳ್ಳುವುದು ಲೇಸು. ರೇಷ್ಮೆ ಸೀರೆಗಳ ನಡುವೆ ಬದುಕುವ ನೇಕಾರರ ಮನೆಯಲ್ಲಂತೂ ಹಚ್ಚಿದ ಕೈಯನ್ನು ತೊಳೆಯದೆ ಮಗ್ಗ ಮುಟ್ಟಬಾರದು. ಬಿಸಿಯಲ್ಲಿ ಈ ಮದ್ದು ಕೆಟ್ಟು ಬೆಂಜೀನ್ ಎಂಬ ಹಾನಿಕರ ವಸ್ತು ಹುಟ್ಟಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 95 ಉತ್ಪನ್ನಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ, ಇಲ್ಲವೇ ಅತ್ಯಲ್ಪವಾಗಿತ್ತು. ಕೆಲವನ್ನು ಮಾತ್ರ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಭಯಪಡಬೇಕಾಗಿಲ್ಲ. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡದೆ ತಂಪಾದ ಕಡೆ ಇಟ್ಟು, ಅವಧಿ ಮೀರಿದ್ದನ್ನು ಎಸೆದರೆ ಸಾಕು.

ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಈ ಮಾತನ್ನು ಮೊದಲೇ ಹೇಳದಿದ್ದರೆ ಹದಿನೈದು ದಿನದಲ್ಲಿ ಮಗುವಿಗೆ ನಿರಾಶೆಯಾಗುತ್ತದೆ. ಮೊಡವೆ ಚಿವುಟಬಾರದು, ಸುಣ್ಣ, ಹಲ್ಲುಜ್ಜುವ ಪೇಸ್ಟು ಹಚ್ಚಬಾರದು. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೆ ಅಲ್ಲಿಯೂ ಮೊಡವೆ ಏಳುತ್ತದೆ.

ಮುಖಕ್ಕೆ ಹಚ್ಚಬಾರದ ಮದ್ದು

ನಮ್ಮ ವಿದ್ಯಾರ್ಥಿನಿ ತಂದುಕೊಂಡ ಟ್ಯೂಬಿನಲ್ಲಿದ್ದುದು ಮೇಲೆ ಹೇಳಿದ ಮದ್ದಲ್ಲ. ಅದರಲ್ಲಿ ಪ್ರಬಲವಾದ ಸ್ಟೀರಾಯ್ಡ್, ಒಂದು ಪ್ರತಿಜೀವಕ, ಒಂದು ಬೂಷ್ಟುನಾಶಕ ಮೂರೂ ಬೆರೆತಿದ್ದವು. ಸ್ಟೀರಾಯ್ಡ್ ಊತವನ್ನು ಥಟ್ಟನೆ ಅಡಗಿಸುತ್ತದೆ. ವಾರದೊಳಗೆ ಮುಖ ತಿಳಿಯಾಗಿ ಬಣ್ಣವೂ ಬಂದಂತೆ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ರಕ್ತನಾಳಗಳು ತೋರಿ, ಬಿಸಿಲಿಗೆ ಉರಿಯತೊಡಗುತ್ತದೆ. ನಿಲ್ಲಿಸಿದರೆ ಮೊಡವೆ ಮೊದಲಿಗಿಂತ ಹೆಚ್ಚಾಗಿ ಸಿಡಿಯುತ್ತದೆ. ಹೆದರಿದ ಮಗು ಮತ್ತೆ ಅದನ್ನೇ ಹಚ್ಚುತ್ತದೆ.

ದೇಶದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ತೊಂದರೆಯಿಂದ ಬಂದ 2,926 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಚರ್ಮವೈದ್ಯರ ಸಂಘದ ಒತ್ತಾಯದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ವರ್ಗಕ್ಕೆ ಸೇರಿಸಿತು. ಕಾನೂನು ಬಂದರೂ ನೆರೆಹೊರೆಯ ಸಲಹೆ ನಿಂತಿಲ್ಲ.

ನಾವು ಮಾಡಬಹುದಾದುದು

ಶಿಕ್ಷಕರು ವೈದ್ಯರಲ್ಲ, ಮದ್ದು ಬರೆದುಕೊಡುವುದು ನಮ್ಮ ಕೆಲಸವಲ್ಲ. ಆದರೆ ಮಗು ಮೊದಲು ಕೇಳುವುದು ನಮ್ಮನ್ನೇ. ನಕ್ಕು ಕಳುಹಿಸದೆ ಮೂರು ಮಾತು ಹೇಳಬಹುದು: ಇದು ನಿನ್ನ ತಪ್ಪಲ್ಲ, ಇದಕ್ಕೆ ಮದ್ದುಂಟು, ಅಂಗಡಿಯ ಮಾತು ಕೇಳಿ ಟ್ಯೂಬು ತರಬೇಡ. ಗಂಟುಗಳೆದ್ದು ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಅಥವಾ ಮಗು ಶಾಲೆಗೆ ಬರಲು ಹಿಂಜರಿಯುತ್ತಿದ್ದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಪೋಷಕರಿಗೆ ತಿಳಿಸಬೇಕು. ಬೆಂಗಳೂರಿನ ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಶಾಲೆಗೆ ಬಂದು ಮಕ್ಕಳನ್ನು ನೋಡಿದರೆ, ದಾನಿಗಳು ಬಡ ಮಕ್ಕಳ ಔಷಧಿಯ ವೆಚ್ಚ ವಹಿಸಿದರೆ, ಅದು ಕಟ್ಟಡದ ಕಲ್ಲಿನಷ್ಟೇ ಬಾಳುವ ಸೇವೆಯಾದೀತು.

ಆ ಹುಡುಗಿ ಚರ್ಮತಜ್ಞರ ಆರೈಕೆಯಲ್ಲಿ ಏಳೆಂಟು ತಿಂಗಳಲ್ಲಿ ಚೇತರಿಸಿಕೊಂಡಳು. ಕೆನ್ನೆಯ ಮೇಲೆ ಕೆಲವು ಗುಳಿಗಳು ಉಳಿದಿವೆ. ಓದು ಮುಂದುವರಿಸಿದಳು, ಕಂಡಾಗ ನಗುತ್ತಾ ಮಾತನಾಡಿಸುತ್ತಾಳೆ. ಆದರೆ ನಮ್ಮ ಶಾಲೆಯ ಗೋಡೆಯ ಮೇಲಿರುವ ಆ ವರ್ಷದ ಭಾವಚಿತ್ರದಲ್ಲಿ ಅವಳಿಲ್ಲ. ಅದರ ಮುಂದೆ ಹಾದುಹೋಗುವಾಗಲೆಲ್ಲ, ಅವಳು ಪ್ರಶ್ನೆ ಕೇಳಿದ ಸಂಜೆ ನನಗೆ ನೆನಪಾಗುತ್ತದೆ.