ನಾನಿಯ ಕೆಲಸ ಯಾವ ಖಾತೆಗೆ?

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ರಾಷ್ಟ್ರೀಯ ಆದಾಯದ ಪಾಠ ನಡೆಯುವಾಗ ಸರ್ ಒಂದು ಪ್ರಶ್ನೆ ಕೇಳಿದರು. ಸಂಬಳ ಕೊಟ್ಟು ಅಡುಗೆಯವರನ್ನು ಇಟ್ಟುಕೊಂಡರೆ ಅದು ಜಿಡಿಪಿಗೆ ಸೇರುತ್ತದೆ, ಅದೇ ಅಡುಗೆಯನ್ನು ತಾಯಿ ಮಾಡಿದರೆ ಸೇರುವುದಿಲ್ಲ, ಯಾಕೆ? ಹಣದ ವಿನಿಮಯ ಇಲ್ಲ ಎಂದು ಎಲ್ಲರೂ ಉತ್ತರ ಬರೆದುಕೊಂಡೆವು. ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಜಗಳ ನಡೆಯುತ್ತಿತ್ತು.

ನನ್ನ ಅಕ್ಕನಿಗೆ (ಮನೆಯಲ್ಲಿ ನಾವು ಆಪಾ ಅನ್ನುತ್ತೇವೆ) ಒಂದು ವರ್ಷ ಒಂಬತ್ತು ತಿಂಗಳ ಮಗನಿದ್ದಾನೆ. ದೂಲಾಭಾಯಿ ಗಲ್ಫ್‌ನಲ್ಲಿದ್ದಾರೆ. ಆಪಾ ಬಂಗಾರಪೇಟೆಯಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ, ರಾತ್ರಿ ಎಂಟಕ್ಕೆ ಬರುತ್ತಾಳೆ. ಆ ಟ್ರೈನ್ ನೋಡಿದವರಿಗೆ ಗೊತ್ತು, ಮಾರಿಕುಪ್ಪಂನಿಂದಲೇ ತುಂಬಿಕೊಂಡು ಬರುತ್ತದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ಈ ಭಾಗದ ಎಷ್ಟೋ ಮನೆಗಳ ಅನ್ನ ಆ ಟ್ರೈನಿನಲ್ಲೇ ಬರುತ್ತಿದೆ. ಟ್ರೈನ್ ಹತ್ತುವವರ ಮಕ್ಕಳು ಮನೆಯಲ್ಲಿ ಅಜ್ಜಿಯರ ಹತ್ತಿರ ಉಳಿಯುತ್ತಾರೆ. ನಮ್ಮ ಮನೆಯಲ್ಲಿ ನಾನಿಯ ಹತ್ತಿರ. ನಾನಿ ಆಂಡರ್ಸನ್‌ಪೇಟೆಯ ಮನೆ ಬಿಟ್ಟು ಈ ಮಗುವಿಗಾಗಿಯೇ ಇಲ್ಲಿಗೆ ಬಂದವರು.

ಮಗು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮೂರೋ ನಾಲ್ಕೋ ಪದ. ನೆಂಟರೊಬ್ಬರು ಬಂದು, ತಾಯಿ ಬಿಟ್ಟು ಹೋದರೆ ಮಕ್ಕಳು ಹೀಗೇ ಆಗುವುದು, ಆಪಾ ಕೆಲಸ ಬಿಡಬೇಕು ಎಂದರು. ಆಪಾ ಅವತ್ತು ರಾತ್ರಿ ಊಟ ಮಾಡಲಿಲ್ಲ. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಳು. ಅವರ ಮಾತು ನಿಜವೇ ಎಂದು ತಿಳಿಯುವ ಆಸೆ ನನಗೆ ಅಲ್ಲಿಂದ ಶುರುವಾಯಿತು. ಲೈಬ್ರರಿಯಲ್ಲಿ ಕೂತು, ಇಂಗ್ಲಿಷಿನಲ್ಲಿದ್ದುದನ್ನು ಮೇಡಂ ಅವರಿಂದ ಕೇಳಿ ತಿಳಿದುಕೊಂಡು, ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೆಂಟರ ಮಾತಿಗೆ ಮೂಲ ಹುಡುಕಿದರೆ ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯರ ಹತ್ತಿರ ಹೋಗುತ್ತದೆ. ಎರಡನೇ ಮಹಾಯುದ್ಧದ ನಂತರ ಮನೆ ಇಲ್ಲದ ಮಕ್ಕಳ ಬಗ್ಗೆ ಅವರು ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ವರದಿ ಕೊಟ್ಟರು. ಎಳೆಯ ಮಗುವಿಗೆ ಪ್ರೀತಿಯ, ಮಧ್ಯೆ ಕಡಿದು ಹೋಗದ ಸಂಬಂಧ ಬೇಕು, ಅದು ತಾಯಿಯ ಜೊತೆ ಅಥವಾ ತಾಯಿಯ ಸ್ಥಾನದಲ್ಲಿ ಕಾಯಂ ಆಗಿ ಇರುವವರ ಜೊತೆ ಎಂಬುದು ಅದರ ಸಾರ. ಜನ ಮೊದಲ ಅರ್ಧ ನೆನಪಿಟ್ಟುಕೊಂಡು 'ಅಥವಾ' ಎಂಬಲ್ಲಿಂದ ಮುಂದಿನದನ್ನು ಮರೆತಿದ್ದಾರೆ. ಅದೂ ಅಲ್ಲದೆ ಅವರ ವರದಿಯಲ್ಲಿ ಮುಖ್ಯವಾಗಿ ಬರುವುದು ಅನಾಥಾಲಯ, ಆಸ್ಪತ್ರೆಗಳಲ್ಲಿ ಬೇರೆಯಾಗಿ ಬೆಳೆದ ಮಕ್ಕಳು. ಬೆಳಿಗ್ಗೆ ಹೋಗಿ ರಾತ್ರಿ ಬರುವ ತಾಯಿಯ ಮಗು ಆ ಲೆಕ್ಕಕ್ಕೆ ಬರುವುದಿಲ್ಲ.

ಬೌಲ್ಬಿಯವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ತಾಯಿ ಮಕ್ಕಳನ್ನು ನೋಡಿದರು. 1967ರಲ್ಲಿ ಅದು ಪುಸ್ತಕವಾಯಿತು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲೂ ಅಧ್ಯಯನ ಮಾಡಿದರು. ಮಗು ಅತ್ತಾಗ, ಕೈ ಚಾಚಿದಾಗ, ಶಬ್ದ ಮಾಡಿದಾಗ ದೊಡ್ಡವರು ಅದನ್ನು ಗಮನಿಸಿ ತಕ್ಕ ಹಾಗೆ ಸ್ಪಂದಿಸುತ್ತಾರೋ ಇಲ್ಲವೋ ಎಂಬುದಕ್ಕೆ ಅವರು ತುಂಬಾ ಮಹತ್ವ ಕೊಟ್ಟರು. ಈಗ ಇದಕ್ಕೆ ಸ್ಪಂದಿಸುವ ಆರೈಕೆ ಎನ್ನುತ್ತಾರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಸೇರಿ ಹೊರತಂದ ಚೌಕಟ್ಟಿನಲ್ಲಿ ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಆರಂಭಿಕ ಕಲಿಕೆ ಇವುಗಳ ಸಾಲಿನಲ್ಲೇ ಅದನ್ನೂ ಇಟ್ಟಿದ್ದಾರೆ.

ಹಾಗಾದರೆ ಹಲವರ ಕೈಯಲ್ಲಿ ಬೆಳೆಯುವ ನಮ್ಮ ದೇಶದ ಮಕ್ಕಳು? ಸೂಸನ್ ಸೀಮೋರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1965ರಲ್ಲಿ ಭುವನೇಶ್ವರಕ್ಕೆ ಬಂದು ಅಲ್ಲಿನ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. 1999ರಲ್ಲಿ ಬಂದ ಅವರ ಪುಸ್ತಕದಲ್ಲಿ ಅಜ್ಜಿ, ದೊಡ್ಡಮ್ಮ, ಅಕ್ಕಂದಿರು ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾ ಬೆಳೆಸುವ ಚಿತ್ರವಿದೆ. ಇದು ಪಶ್ಚಿಮದ ಪದ್ಧತಿಗಿಂತ ಬೇರೆ, ಕೀಳಲ್ಲ ಎಂಬುದು ಅವರ ನಿಲುವು. ನಾನಿಗೆ ಇದನ್ನು ಹೇಳಿದಾಗ ಅವರು ನಕ್ಕು, ನಮ್ಮ ಪ್ರವಾದಿ(ಸ)ಯವರನ್ನೇ ಬೀಬಿ ಹಲೀಮಾ ಸಾಕಲಿಲ್ಲವೇ, ಇದಕ್ಕೆ ಅಮೆರಿಕದಿಂದ ಬರಬೇಕಿತ್ತೇ ಎಂದರು.

ನನ್ನಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಹೆಚ್ಚು ಹಿಡಿಸುವುದು ಜಮೈಕಾದ ಅಧ್ಯಯನ. 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್‌ ಮೆಕ್‌ಗ್ರೆಗರ್ ಮತ್ತು ಜೊತೆಯವರು ಗುಂಪುಗಳಾಗಿ ಮಾಡಿದರು. ಕೆಲವು ಗುಂಪುಗಳ ಮನೆಗೆ ಎರಡು ವರ್ಷ, ವಾರಕ್ಕೆ ಒಂದು ಗಂಟೆ ಆರೋಗ್ಯ ಕಾರ್ಯಕರ್ತೆ ಹೋಗುತ್ತಿದ್ದರು. ಮನೆಯಲ್ಲಿ ಸಿಗುವ ಡಬ್ಬ, ಬಾಟಲಿಯಲ್ಲಿ ಮಾಡಿದ ಆಟಿಕೆ ಇಟ್ಟುಕೊಂಡು ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸುತ್ತಿದ್ದರು. ಇಷ್ಟೇ. ಇಪ್ಪತ್ತು ವರ್ಷದ ನಂತರ ಹುಡುಕಿಕೊಂಡು ಹೋಗಿ ನೋಡಿದರೆ, ಆ ಗುಂಪಿನವರ ಗಳಿಕೆ ಉಳಿದವರಿಗಿಂತ ಸುಮಾರು ಶೇ. 25 ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಈ ಲೇಖನದ ಲೇಖಕರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಕೂಡ ಇದ್ದಾರೆ. 129 ಮಕ್ಕಳೆಂದರೆ ಸಣ್ಣ ಸಂಖ್ಯೆ, ಅವರು ಕುಂಠಿತ ಬೆಳವಣಿಗೆಯ ಮಕ್ಕಳು, ಅದನ್ನು ನೇರವಾಗಿ ನಮ್ಮ ಮಗುವಿಗೆ ಅಂಟಿಸಲಾಗದು, ಒಪ್ಪುತ್ತೇನೆ. ಆದರೆ ಅದೇ ಪದ್ಧತಿಯನ್ನು ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳಲ್ಲಿ ಮಾಡಿ ನೋಡಿದಾಗಲೂ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಸುಧಾರಣೆ ಕಂಡಿದೆ.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಪರೀಕ್ಷಿಸುತ್ತಾ ಬಂದಿದ್ದಾರೆ. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳು ಒಂಬತ್ತು ಹತ್ತನೇ ವಯಸ್ಸಿನಲ್ಲಿ ಕಲಿಕೆ, ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಮುಂದಿದ್ದರು ಎಂದು ಅಲ್ಲಿ ತಿಳಿದುಬಂತು. ಅಂದರೆ ಆರೈಕೆ ಹುಟ್ಟುವ ಮೊದಲೇ ಶುರು. ಇನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ, ಹೆರಿಗೆಯ ನಂತರ ಮಾನಸಿಕ ಕಾಯಿಲೆಯಾದ ತಾಯಿಯನ್ನು ಮಗುವಿನ ಸಮೇತ ದಾಖಲಿಸಿಕೊಳ್ಳುವ ವಿಭಾಗವಿದೆ. ಮಗುವನ್ನು ನೋಡಿಕೊಳ್ಳುವವರನ್ನೂ ಯಾರಾದರೂ ನೋಡಿಕೊಳ್ಳಬೇಕಲ್ಲ.

ಇಷ್ಟು ಓದಿದ ಮೇಲೆ ದಸರಾ ರಜೆಯಲ್ಲಿ ಒಂದು ಕೆಲಸ ಮಾಡಿದೆ. ಲೆಕ್ಕಶಾಸ್ತ್ರದ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಮೂರು ದಿನ ಮಗುವಿನ 'ಡೇ ಬುಕ್' ಬರೆದೆ. ಯಾವ ಸಮಯ, ಯಾರ ಹತ್ತಿರ, ಏನು ನಡೆಯಿತು. ಮೊಬೈಲಿನಲ್ಲಿ ಕಾರ್ಟೂನು ದಿನಕ್ಕೆ ಸುಮಾರು ಮೂರು ಗಂಟೆ. ಮಗು ಶಬ್ದ ಮಾಡಿ, ದೊಡ್ಡವರು ಉತ್ತರ ಕೊಟ್ಟು, ಮತ್ತೆ ಮಗು ಶಬ್ದ ಮಾಡುವ ಹೊತ್ತು ಹಗಲಿಡೀ ಸೇರಿಸಿದರೂ ಮುಕ್ಕಾಲು ಗಂಟೆ ದಾಟಲಿಲ್ಲ. ರಾತ್ರಿ ಆಪಾ ಬಂದ ಮೇಲೆ ಮಲಗುವವರೆಗೆ ಐವತ್ತು ನಿಮಿಷ! ಹಗಲಿಡೀ ಮನೆಯಲ್ಲಿ ಇಲ್ಲದವಳೇ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದಳು.

ಇದನ್ನು ತೋರಿಸಿದಾಗ ನಾನಿಗೆ ಬೇಸರವಾಯಿತು. ತಪ್ಪು ನನ್ನದೇ, ತೋರಿಸಿದ ರೀತಿ ಸರಿ ಇರಲಿಲ್ಲ. ಮಂಡಿನೋವು ಇಟ್ಟುಕೊಂಡು ಅಡುಗೆ, ಬಟ್ಟೆ, ಮಗು ಮೂರನ್ನೂ ನೋಡುವವರು ಅವರು. ಅಮ್ಮಿ ಹೊಲಿಗೆ ಮೆಷಿನ್ ಬಿಟ್ಟು ಏಳುವಂತಿಲ್ಲ. ರೊಟ್ಟಿ ಸುಡುವಾಗ ಮೊಬೈಲ್ ಕೊಡದೆ ಮಗುವನ್ನು ಬೆಂಕಿಯ ಹತ್ತಿರ ಬಿಡಲೇ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಡೇ ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಹನ್ನೆರಡು ನಿಮಿಷವಿತ್ತು, ಭಾಯಿಯ ಹೆಸರಿನ ಮುಂದೆ ಸೊನ್ನೆ.

ದೇಶದ ಲೆಕ್ಕವೂ ಹೀಗೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ. ಮನೆಯವರ ಆರೈಕೆಗೆ ಹೆಂಗಸರದು 134, ಗಂಡಸರದು 76. ಇದು ಆ ಕೆಲಸಕ್ಕೆ ಕೈ ಹಾಕುವವರ ಸರಾಸರಿ ಮಾತ್ರ, ಕೈಯೇ ಹಾಕದವರು ಇದರಲ್ಲಿ ಸೇರಿಲ್ಲ. ಕಾನೂನಿನಲ್ಲಿ ಸಹಾಯ ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗೆ ಶಿಶುಪಾಲನಾ ಕೊಠಡಿ ಕಡ್ಡಾಯ ಮಾಡಿತು, 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ಆದರೆ ಬಂಗಾರಪೇಟೆಯಿಂದ ಎಪ್ಪತ್ತು ಕಿಲೋಮೀಟರ್ ಆ ಟ್ರೈನಿನ ನೂಕುನುಗ್ಗಲಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೋಗುವವರು ಯಾರು?

ನಮ್ಮ ಬೀದಿಯ ಅಂಗನವಾಡಿ ಟೀಚರ್ ಹತ್ತಿರ ಹೋಗಿ ಕೇಳಿದೆ. ಮೂರು ವರ್ಷದೊಳಗಿನ ಮಕ್ಕಳ ಜೊತೆ ಮನೆಯಲ್ಲಿ ಆಡುವ ಆಟಗಳ ಬಗ್ಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ 'ನವಚೇತನಾ' ಕಾರ್ಯಕ್ರಮದ ಬಗ್ಗೆ ಅವರು ಹೇಳಿದರು. ನಮ್ಮ ಮಗು ಮನೆಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ತೆಲುಗು ಕೇಳುತ್ತದೆ, ಅದಕ್ಕೇ ಗೊಂದಲವೇ ಎಂದೆ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ ಎಂದರು, ನಾನು ಓದಿದ್ದೂ ಅದೇ. ಆದರೆ ಅವರು ನಾವ್ಯಾರೂ ಯೋಚಿಸದ ಒಂದು ಮಾತು ಕೇಳಿದರು: ಕಿವಿ ಪರೀಕ್ಷೆ ಮಾಡಿಸಿದ್ದೀರಾ? ತಾಯಿ, ಅಜ್ಜಿ, ಮೊಬೈಲ್ ಎಂದು ಜಗಳವಾಡುವ ಮೊದಲು ಅದನ್ನು ನೋಡಬೇಕಂತೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಬರುತ್ತಾರೆ, ಅವರಿಗೆ ಸಂಶಯ ಬಂದರೆ ಮುಂದಕ್ಕೆ ಕಳಿಸುತ್ತಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ಹೆಸರಾದದ್ದು.

ಈಗ ಸಂಜೆ ಐದರಿಂದ ಆರು ಮಗು ನನ್ನ ಹತ್ತಿರ. ಡಬ್ಬದಲ್ಲಿ ಚಮಚ ಹಾಕಿ ಅಲ್ಲಾಡಿಸುವುದೇ ನಮ್ಮ ಮುಖ್ಯ ಆಟ. ಆ ಹೊತ್ತು ನಾನಿ ಕಾಲು ಚಾಚಿ ಕೂರುತ್ತಾರೆ. ಕಿವಿ ಪರೀಕ್ಷೆಗೆ ಮುಂದಿನ ಸೋಮವಾರ ಬರಲು ಹೇಳಿದ್ದಾರೆ. ಆಪಾ ರಜೆ ಹಾಕಿದರೆ ಒಂದು ದಿನದ ಸಂಬಳ ಕಡಿತ. ಭಾಯಿ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ನೋಡಬೇಕು. ರಾಜೀನಾಮೆ ಪತ್ರ ಇನ್ನೂ ಆಪಾಳ ಬ್ಯಾಗಿನಲ್ಲೇ ಇದೆ.