ಯಂತ್ರಕ್ಕಿಂತ ಮೊದಲು ಕಳೆಗೆ ದುಡ್ಡಿಡಿ

ಊರಿಗೆ ಮರಳಿ ಬೇಸಾಯ ಶುರು ಮಾಡುವವರು ಮೊದಲು ಕೇಳುವುದು, ಯಾವ ಟ್ರ್ಯಾಕ್ಟರ್ ತಗೊಳ್ಳಲಿ ಎಂದು. ಕಳೆ ತೆಗೆಸಲು ಎಷ್ಟು ಎತ್ತಿಟ್ಟಿದ್ದೀರಿ ಎಂದು ನಾನು ಕೇಳುತ್ತೇನೆ. ಬೀಜ, ಗೊಬ್ಬರ, ಬೋರ್‌ವೆಲ್, ಬೇಲಿ ಎಲ್ಲಕ್ಕೂ ಅವರ ಬಳಿ ಲೆಕ್ಕವಿರುತ್ತದೆ, ಕಳೆಗೆ ಇರುವುದಿಲ್ಲ. ತುಮಕೂರು ಜಿಲ್ಲೆಯಲ್ಲಿ ನನ್ನದು ಎರಡು ಎಕರೆ ಖುಷ್ಕಿ. ರಾಗಿ, ಅವರೆ, ಒಂದಿಷ್ಟು ತೆಂಗು. ನನ್ನ ಖರ್ಚಿನ ಪುಸ್ತಕದಲ್ಲಿ ವರ್ಷ ವರ್ಷವೂ ದೊಡ್ಡ ಬಾಬ್ತು ಕಳೆಯದೇ.

ಈ ಖರ್ಚು ತೀರ್ಮಾನವಾಗುವುದು ಬಿತ್ತನೆಯ ದಿನ. ರಾಗಿಯನ್ನು ಚೆಲ್ಲಿ ಬಿತ್ತಿದಿರೋ, ಮುಂದೆ ಯಾವ ಸಲಕರಣೆಯೂ ಹೊಲದೊಳಗೆ ಇಳಿಯದು. ಎಲ್ಲವನ್ನೂ ಕೈಯಲ್ಲೇ ಕೀಳಬೇಕು. ಎಕರೆಗೆ ಹತ್ತು ಹನ್ನೆರಡು ಹೆಣ್ಣಾಳು, ತಲೆಗೆ 400 ರೂಪಾಯಿಯಂತೆ ಹಿಡಿದರೂ ಒಂದು ಸಲದ ಕಳೆಗೇ ನಾಲ್ಕೈದು ಸಾವಿರ. ಅದೇ ಕೂರಿಗೆಯಲ್ಲಿ ಅಡಿಗೊಂದು ಸಾಲಿನಂತೆ ಬಿತ್ತಿದರೆ ಸಾಲಿನ ನಡುವೆ ಎಡೆಕುಂಟೆ ಹೊಡೆಯಬಹುದು. ಪೈರಿನ ಬುಡದ ಕಳೆ ತೆಗೆಯಲು ಮೂರು ನಾಲ್ಕು ಆಳು ಸಾಕು. ಕೂರಿಗೆಯ ಬಾಡಿಗೆಯಷ್ಟು ಲಾಭ ಕೊಡುವ ಖರ್ಚು ಸಣ್ಣ ಹಿಡುವಳಿಯಲ್ಲಿ ಇನ್ನೊಂದಿಲ್ಲ.

ಎತ್ತು ಇಲ್ಲದವರಿಗೆ ಸೈಕಲ್ ಕುಂಟೆ ಇದೆ. ಮುಂದೊಂದು ಚಕ್ರ, ಹಿಂದೆ ಅಡ್ಡ ಅಲಗು, ಸೊಂಟದೆತ್ತರಕ್ಕೆ ಹಿಡಿ. ಎರಡು ಎರಡೂವರೆ ಸಾವಿರಕ್ಕೆ ಒಳ್ಳೆಯದೇ ಸಿಗುತ್ತದೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ ಅಲಗು ನೋಡಿ: ತೆಳ್ಳಗಿರಬೇಕು, ಅರ ಹಾಕಿ ಮಸೆಯಲು ಬರಬೇಕು, ಬೋಲ್ಟ್ ಬಿಚ್ಚಿ ಬದಲಿಸುವಂತಿರಬೇಕು. ಹಿಡಿಯ ಎತ್ತರ ಹೆಚ್ಚುಕಮ್ಮಿ ಮಾಡಲು ತೂತುಗಳಿರಬೇಕು, ಇಲ್ಲದಿದ್ದರೆ ಸಂಜೆಗೆ ನಡು ಹಿಡಿಯುತ್ತದೆ. ಅಲಗು ಮಣ್ಣಿನಡಿ ಅರ್ಧದಿಂದ ಒಂದು ಇಂಚು ಆಳದಲ್ಲಿ ಸಾಗಿದರೆ ಎಳೆ ಕಳೆಯ ಬೇರು ಕತ್ತರಿಸಿಹೋಗಿ, ಅದು ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡುತ್ತದೆ. ಆದರೆ ಕಳೆ ಎರಡು ಮೂರು ಎಲೆಯಾಗಿದ್ದಾಗಲೇ, ಮೇಲ್ಮಣ್ಣು ಆರಿದ್ದಾಗಲೇ ಹೊಡೆಯಬೇಕು. ಗೇಣುದ್ದ ಬೆಳೆದ ಅಣ್ಣೆಸೊಪ್ಪಿಗೆ ಇದು ತಾಕದು. ರಾಗಿಗೆ ಮೊದಲ ನಾಲ್ಕರಿಂದ ಆರು ವಾರ ನಿರ್ಣಾಯಕ. ಆಮೇಲೆ ಪೈರೇ ನೆರಳು ಕಟ್ಟಿ ಕಳೆಯನ್ನು ಅದುಮುತ್ತದೆ.

ಇನ್ನು ಪವರ್ ವೀಡರ್. 60,000 ರೂಪಾಯಿಯದೆಂದು ಹಿಡಿಯೋಣ. ಎಂಟು ವರ್ಷ ಬಾಳಿದರೆ ವರ್ಷಕ್ಕೆ 7,500 ಸವಕಳಿ, ಶೇ 10ರಂತೆ ಮೊದಲ ವರ್ಷದ ಬಡ್ಡಿ 6,000. ಪೆಟ್ರೋಲ್, ರಿಪೇರಿ ಬಿಟ್ಟೇ 13,500 ಆಯಿತು. ಎರಡು ಎಕರೆಗೆ ವರ್ಷಕ್ಕೆ ಇಪ್ಪತ್ತು ಗಂಟೆಯ ಕೆಲಸ. ಗಂಟೆಗೆ 300ರಂತೆ ಬಾಡಿಗೆಗೆ ತಂದರೆ 6,000ದಲ್ಲಿ ಮುಗಿಯುತ್ತದೆ. ಶೇ 50 ಸಹಾಯಧನ ಸಿಕ್ಕರೆ ಮಾತ್ರ ಎರಡೂ ಹತ್ತಿರ ಹತ್ತಿರ ಬರುತ್ತವೆ. ಹಾಗಾಗಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ರೈತ ನೋಂದಣಿಯ ಫ್ರೂಟ್ಸ್ ಐಡಿ ಮಾಡಿಸಿ, ಅರ್ಜಿ ಹಾಕಿದ ಮೇಲಷ್ಟೇ ಅಂಗಡಿಯ ಮೆಟ್ಟಿಲು ಹತ್ತಿ. ಮೊದಲು ಕೊಂಡು ಆಮೇಲೆ ಅರ್ಜಿ ಹಾಕಿದರೆ ಸಹಾಯಧನ ಕೈತಪ್ಪುವ ಸಾಧ್ಯತೆಯೇ ಹೆಚ್ಚು. ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ಸಹಾಯಧನದ ಪ್ರಮಾಣ ಇನ್ನೂ ಹೆಚ್ಚಿದೆ.

ಬಾಡಿಗೆಯಲ್ಲೂ ಒಂದು ತೊಡಕಿದೆ. ಮಳೆ ಬಿಟ್ಟ ಮೂರನೇ ದಿನ ಊರಿಗೆಲ್ಲ ಅದೇ ಯಂತ್ರ ಬೇಕು. ಟ್ರ್ಯಾಕ್ಟರ್‌ಗೆ ಎರಡು ದಿನ ಕಾಯಬಹುದು, ಕಳೆ ಕಾಯುವುದಿಲ್ಲ. ಆದ್ದರಿಂದ ಉಳುಮೆಯ ಸಾಮಾನು ಬಾಡಿಗೆಗೆ ತನ್ನಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ದರ ವಿಚಾರಿಸಿ. ಕಳೆಯ ಕೈಸಾಮಾನು ಮಾತ್ರ ಸ್ವಂತದ್ದಿರಲಿ.

ಜೇಕು, ಗರಿಕೆ ಇರುವ ಹೊಲಕ್ಕೆ ರೋಟವೇಟರ್ ಬಿಡಬೇಡಿ. ಗರಿಕೆಯ ಬೇರು ತುಂಡು ತುಂಡಾಗಿ ಹೊಲವೆಲ್ಲ ಹರಡುತ್ತದೆ, ಪ್ರತಿ ತುಂಡೂ ಚಿಗುರುತ್ತದೆ. ಬೇಸಿಗೆಯಲ್ಲಿ ನೇಗಿಲು ಹೊಡೆಸಿ ಗಡ್ಡೆ, ಬೇರು ಬಿಸಿಲಿಗೆ ಬೀಳುವಂತೆ ಮಾಡುವುದೇ ಸರಿ. ಕಳೆನಾಶಕದ ಡಬ್ಬಿ ಅಗ್ಗವೆಂದು ಹಲವರು ಅತ್ತ ವಾಲುತ್ತಾರೆ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದು ಸುಮ್ಮನೆ ಅಲ್ಲ. ನನ್ನ ತೆಂಗಿನ ಪಾತಿಗೆ ಗರಿ ಮತ್ತು ಸಿಪ್ಪೆಯ ಹೊದಿಕೆ ಸಾಕಾಗಿದೆ, ಅದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಮೊದಲ ವರ್ಷ ಒಂದು ಸೈಕಲ್ ಕುಂಟೆ, ಎರಡು ಕುಡುಗೋಲು, ಒಂದು ಗುದ್ದಲಿ, ಒಂದು ಸಲಿಕೆ, ಮಸೆಯಲು ಅರ ಕೊಳ್ಳಿ. ಐದು ಸಾವಿರದೊಳಗೆ ಮುಗಿಯುತ್ತದೆ. ಎಕರೆಗೆ ಇನ್ನು ಐದು ಸಾವಿರವನ್ನು ಕಳೆ ಕೂಲಿಗೆಂದೇ ಬೇರೆ ಖಾತೆಯಲ್ಲಿಡಿ. ಆ ದುಡ್ಡನ್ನು ಗೊಬ್ಬರಕ್ಕೂ ಮುಟ್ಟಬೇಡಿ, ಹಬ್ಬಕ್ಕೂ ಮುಟ್ಟಬೇಡಿ.